ಕೊಕ್ಕಿನ ಮೇಲಿನ ಕಾಲು ಇಂಚು

ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾಡುವ ಕೌದಿಯಂಥ ಹೊದಿಕೆ, ಹೊಲಿಯುವವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಬಟ್ಟೆಯ ತುಂಡುಗಳನ್ನು ಕೈಯಲ್ಲಿ ಹಿಡಿದು ತೋರಿಸುತ್ತಾ ಮಾತಾಡಿದ್ದರಿಂದ "ಇದನ್ನು ನೋಡಿ" ಎಂಬುದು ಅಲ್ಲಲ್ಲಿ ಹಾಗೇ ಉಳಿದಿದೆ. ಅಳತೆಗಳನ್ನು ಮಾತ್ರ ಇನ್ನೊಮ್ಮೆ ಸರಿನೋಡಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ತುಂಡನ್ನು ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಸ್ವಲ್ಪ ದೊಡ್ಡದಾಗಿಯೇ ಹೊಲಿದು ತಂದಿದ್ದೇನೆ. ಒಂದು ಆಯತ. ಅಗಲ ಎತ್ತರದ ಎರಡರಷ್ಟು. ನಡುವೆ ದೊಡ್ಡ ತ್ರಿಕೋನ ಒಂದು, ಅಕ್ಕಪಕ್ಕ ಸಣ್ಣ ತ್ರಿಕೋನ ಎರಡು. ನಡುವಿನದು ಹೆಬ್ಬಾತು. ಪಕ್ಕದವು ಆಕಾಶ. ಇಂಥ ಹತ್ತು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ದೂರ ನಿಂತು ನೋಡಿ, ಸಾಲು ಕಟ್ಟಿ ಹೊರಟ ಹಕ್ಕಿಗಳೇ ಕಾಣುತ್ತವೆ. ಅದಕ್ಕೇ ಇದಕ್ಕೆ ಫ್ಲೈಯಿಂಗ್ ಗೀಸ್, ಹಾರುವ ಹೆಬ್ಬಾತುಗಳು, ಅಂತ ಹೆಸರು ಬಂತು.

ಈಗ ಇದೇ ತುಂಡಿನ ಮೇಲ್ತುದಿ ನೋಡಿ. ಹೆಬ್ಬಾತಿನ ಕೊಕ್ಕು ಬಟ್ಟೆಯ ಅಂಚನ್ನು ಮುಟ್ಟಿಲ್ಲ. ಕೊಕ್ಕಿಗೂ ಅಂಚಿಗೂ ನಡುವೆ ಕಾಲು ಇಂಚು ಜಾಗ ಇದೆ. ಹೊಸದಾಗಿ ಕಲಿಯುವವರು ಇದನ್ನು ನೋಡಿ ತಪ್ಪಾಯಿತು ಅಂದುಕೊಳ್ಳುತ್ತಾರೆ. ಕೊಕ್ಕು ಅಂಚಿನ ತನಕ ಬರಬೇಕಲ್ವಾ ಅಂತ ಕೇಳುತ್ತಾರೆ. ಬರಬಾರದು. ಮುಂದಿನ ತುಂಡನ್ನು ಇದಕ್ಕೆ ಜೋಡಿಸುವಾಗ ಆ ಕಾಲು ಇಂಚು ಹೊಲಿಗೆಯ ಒಳಗೆ ಹೋಗುತ್ತದೆ. ಆಗ ಕೊಕ್ಕು ಸರಿಯಾಗಿ ಹೊಲಿಗೆಯ ಗೆರೆಯ ಮೇಲೆ ಬಂದು ನಿಲ್ಲುತ್ತದೆ. ಈ ಜಾಗ ಇಲ್ಲದಿದ್ದರೆ ಕೊಕ್ಕು ಮೊಂಡಾಗುತ್ತದೆ. ಮೊಂಡು ಕೊಕ್ಕಿನ ಹೆಬ್ಬಾತು ಹಾರುವ ಹಾಗೆ ಕಾಣುವುದಿಲ್ಲ, ಗೋಡೆಗೆ ಗುದ್ದಿಕೊಂಡ ಹಾಗೆ ಕಾಣುತ್ತದೆ.

ಇವತ್ತು ನಾನು ನಾಲ್ಕೈದು ವಿಧಾನ ಹೇಳುತ್ತೇನೆ. ಆದರೆ ಹೇಳಬೇಕಾಗಿರುವ ವಿಷಯ ಒಂದೇ. ಎಲ್ಲ ವಿಧಾನಗಳೂ ಈ ಕಾಲು ಇಂಚನ್ನು ಕಾಪಾಡುವ ಬೇರೆ ಬೇರೆ ದಾರಿಗಳು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕಣ್ಣಿಗೆ ಬಿದ್ದರೆ ಅಳತೆಗಳನ್ನು ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ.

ಇದು ತುಂಬಾ ಹಳೆಯ ವಿನ್ಯಾಸ. 19ನೇ ಶತಮಾನದ ಅಮೆರಿಕದ ಕ್ವಿಲ್ಟ್‌ಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋಗುವವರಿಗೆ ಈ ಹೆಬ್ಬಾತುಗಳು ಉತ್ತರದ ದಾರಿ ತೋರಿಸುತ್ತಿದ್ದವು ಎಂಬ ಕತೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1999ರಲ್ಲಿ ಬಂದ ಒಂದು ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಮನಸ್ಸಿಗೆ ತಟ್ಟುವ ಕತೆ ನಿಜ. ಆದರೆ ಅದನ್ನು ಒಪ್ಪುವಂಥ ಆ ಕಾಲದ ಪುರಾವೆ ಇಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ಹಾಗಾಗಿ ನಾನು ಅದನ್ನು ಪಾಠದಲ್ಲಿ ಸೇರಿಸುವುದಿಲ್ಲ. ಬಟ್ಟೆಯ ವಿಷಯಕ್ಕೆ ಬರೋಣ.

ಇಡೀ ಮಾತಿಗೆ ಒಂದೇ ಅಳತೆ ಇಟ್ಟುಕೊಳ್ಳೋಣ. ಹೊಲಿದು ಮುಗಿದ ಮೇಲೆ 4 ಇಂಚು ಅಗಲ, 2 ಇಂಚು ಎತ್ತರದ ಹೆಬ್ಬಾತು. ಸುತ್ತ ಹೊಲಿಗೆಗೆ ಬಿಡುವ ಕಾಲು ಇಂಚು ಮಾರ್ಜಿನ್ ಸೇರಿಸಿದರೆ, ಜೋಡಿಸುವ ಮುಂಚೆ ತುಂಡು 4½ × 2½ ಇಂಚು ಇರಬೇಕು. ಈ ಎರಡು ಸಂಖ್ಯೆ ನೆನಪಿದ್ದರೆ ಸಾಕು.

ಮೊದಲನೆಯದು ಹಳೆಯ ವಿಧಾನ, ತ್ರಿಕೋನ ಕತ್ತರಿಸಿ ಹೊಲಿಯುವುದು. ದೊಡ್ಡ ತ್ರಿಕೋನಕ್ಕೆ 5¼ ಇಂಚಿನ ಚೌಕ ತೆಗೆದುಕೊಂಡು ಎರಡೂ ಕರ್ಣಗಳ ಉದ್ದಕ್ಕೆ ಕತ್ತರಿಸಬೇಕು. ನಾಲ್ಕು ಹೆಬ್ಬಾತು ಸಿಗುತ್ತವೆ. ಸಣ್ಣ ತ್ರಿಕೋನಕ್ಕೆ 2⅞ ಇಂಚಿನ ಚೌಕ ತೆಗೆದುಕೊಂಡು ಒಂದೇ ಕರ್ಣಕ್ಕೆ ಕತ್ತರಿಸಬೇಕು. ಎರಡು ರೆಕ್ಕೆ, ಅಂದರೆ ಪಕ್ಕದ ಆಕಾಶದ ತ್ರಿಕೋನಗಳು, ಸಿಗುತ್ತವೆ. ಒಂದನ್ನು ಎರಡು ಸಲ, ಇನ್ನೊಂದನ್ನು ಒಂದೇ ಸಲ ಕತ್ತರಿಸುವುದು ಯಾಕೆ? ಇದನ್ನು ಹೇಳುವ ಮುಂಚೆ ನಿಮ್ಮ ಮುಂದಿರುವ ಬಟ್ಟೆ ತುಂಡನ್ನು ಕೈಗೆ ತೆಗೆದುಕೊಳ್ಳಿ. ಎಲ್ಲರೂ.

ಹಾಸಿನ ದಿಕ್ಕಿನಲ್ಲಿ, ಅಂದರೆ ಥಾನಿನ ಉದ್ದಕ್ಕೆ ಎಳೆಯಿರಿ. ಜಗ್ಗುವುದಿಲ್ಲ. ಹೊಕ್ಕಿನ ದಿಕ್ಕಿನಲ್ಲಿ, ಅಡ್ಡಕ್ಕೆ ಎಳೆಯಿರಿ. ಎಳ್ಳಷ್ಟು ಜಗ್ಗುತ್ತದೆ, ಅಷ್ಟೇ. ಈಗ ಎದುರುಬದುರು ಮೂಲೆ ಹಿಡಿದು ಓರೆಯಾಗಿ ಎಳೆಯಿರಿ. ನೋಡಿದಿರಾ? ರಬ್ಬರ್ ಥರ ಉದ್ದವಾಯಿತು. ಬಿಟ್ಟರೂ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಟೈಲರ್‌ಗಳು ಇದನ್ನೇ ಕ್ರಾಸ್ ಅನ್ನುತ್ತಾರೆ. ಓರೆ ಅಂಚು ತುಂಡಿನ ಒಳಗೆ, ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದರೆ ತೊಂದರೆ ಇಲ್ಲ. ಹೊರಗಿನ ಅಂಚಿನಲ್ಲಿದ್ದರೆ ಬ್ಲಾಕ್, ಅಂದರೆ ಜೋಡಿಸಿ ಹೊಲಿದ ತುಂಡು, ಜಗ್ಗಿ ಸೊಟ್ಟಗಾಗುತ್ತದೆ. ಹೆಬ್ಬಾತಿನ ಉದ್ದ ಅಂಚು ತುಂಡಿನ ಹೊರಗೆ ಬರುತ್ತದೆ, ಅದು ನೇರ ಎಳೆಯ ಮೇಲಿರಬೇಕು. ಚೌಕವನ್ನು ಎರಡು ಕರ್ಣಕ್ಕೆ ಕತ್ತರಿಸಿದರೆ ಉದ್ದ ಅಂಚು ಚೌಕದ ಬದಿಯೇ ಆಗಿರುತ್ತದೆ, ನೇರ ಎಳೆ. ರೆಕ್ಕೆಯ ಗಿಡ್ಡ ಅಂಚುಗಳು ಹೊರಗೆ ಬರುತ್ತವೆ. ಅದನ್ನು ಒಂದೇ ಕರ್ಣಕ್ಕೆ ಕತ್ತರಿಸಿದರೆ ಗಿಡ್ಡ ಅಂಚುಗಳು ನೇರ ಎಳೆಯ ಮೇಲಿರುತ್ತವೆ. ಓರೆ ಅಂಚುಗಳೆಲ್ಲ ಒಳಗೆ ಒಂದಕ್ಕೊಂದು ಹೊಲಿದುಕೊಂಡು ಸುಮ್ಮನಾಗುತ್ತವೆ. ಈ ಲೆಕ್ಕ ಯಾರು ಮೊದಲು ಹಾಕಿದರೋ, ಅವರ ಕೈಗೆ ಬಟ್ಟೆ ಚೆನ್ನಾಗಿ ಗೊತ್ತಿತ್ತು.

ಇನ್ನು 5¼ ಮತ್ತು 2⅞. ಮುಗಿದ ಅಗಲ 4ಕ್ಕೆ 1¼ ಸೇರಿಸಿದರೆ 5¼. ಮುಗಿದ ಎತ್ತರ 2ಕ್ಕೆ ⅞ ಸೇರಿಸಿದರೆ 2⅞. ಯಾವ ಅಳತೆಯ ಹೆಬ್ಬಾತಿಗೂ ಇದೇ ಸೂತ್ರ. ಆದರೆ ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು? ಮೂಲೆ ಚೂಪಾದರೆ ಮಾರ್ಜಿನ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. ನೇರ ಮೂಲೆಯಲ್ಲಿ, ಅಂದರೆ 90 ಡಿಗ್ರಿಯಲ್ಲಿ, ಕಾಲು ಇಂಚು ಬಿಟ್ಟರೆ ಸಾಕು. 45 ಡಿಗ್ರಿಯ ಚೂಪು ಮೂಲೆಯಲ್ಲಿ ಕಾಲು ಇಂಚಿನ ಜೊತೆಗೆ ಅದರ 1.414 ಪಟ್ಟು, ಅಂದರೆ ಇನ್ನೂ 0.35 ಇಂಚು ಬೇಕು. ಒಟ್ಟು 0.6. ರೆಕ್ಕೆಯ ಗಿಡ್ಡ ಅಂಚಿನ ಒಂದು ತುದಿ ನೇರ ಮೂಲೆ, ಇನ್ನೊಂದು ಚೂಪು ಮೂಲೆ. 0.25ಕ್ಕೆ 0.6 ಸೇರಿಸಿದರೆ 0.85. ಸ್ಕೇಲಿನಲ್ಲಿ ಹತ್ತಿರದ ಗೆರೆ ⅞. ಹೆಬ್ಬಾತಿನ ಉದ್ದ ಅಂಚಿಗೆ ಎರಡೂ ತುದಿ ಚೂಪು. 0.6 ಎರಡು ಸಲ, 1.2. ಹತ್ತಿರದ ಗೆರೆ 1¼. ಇಷ್ಟೇ. ಬಾಯಿಪಾಠ ಮಾಡಿದ್ದು ಮರೆತುಹೋಗಬಹುದು, ಹೀಗೆ ಅರ್ಥವಾದದ್ದನ್ನು ಯಾವಾಗ ಬೇಕಾದರೂ ಕಾಗದದ ತುದಿಯಲ್ಲಿ ಬರೆದು ತೆಗೆಯಬಹುದು.

ಈ ವಿಧಾನದ ಕಷ್ಟ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಕತ್ತರಿಸಿದ ಓರೆ ಅಂಚನ್ನು ಕೈಯಲ್ಲಿ ಹಿಡಿದು ಹೊಲಿಯಬೇಕು. ಎಷ್ಟು ಹಗುರವಾಗಿ ಹಿಡಿದರೂ ಜಗ್ಗುತ್ತದೆ. ಅದಕ್ಕೇ ಕತ್ತರಿಸುವ ಮುಂಚೆ ಬಟ್ಟೆಗೆ ಗಂಜಿ ಸ್ಪ್ರೇ ಹಾಕಿ ಇಸ್ತ್ರಿ ಮಾಡಿ. ಬಟ್ಟೆ ಸ್ವಲ್ಪ ಕಾಗದದ ಥರ ಬಿಗಿಯಾಗಲಿ. ನಾನು ಗಂಜಿ ಹಾಕದೆ ಹೆಬ್ಬಾತು ಹೊಲಿಯುವುದೇ ಇಲ್ಲ, ಯಾವ ವಿಧಾನ ಆದರೂ ಸರಿ.

ಎರಡನೆಯದು ಇವತ್ತು ಎಲ್ಲರೂ ಮೊದಲು ಕಲಿಯುವ ವಿಧಾನ. ಹೊಲಿದು ಮಡಚುವುದು. ಇಲ್ಲಿ ತ್ರಿಕೋನ ಕತ್ತರಿಸುವ ಮಾತೇ ಇಲ್ಲ. 4½ × 2½ ಇಂಚಿನ ಆಯತ ಒಂದು, 2½ ಇಂಚಿನ ಚೌಕ ಎರಡು. ಚೌಕದ ಉಲ್ಟಾ ಭಾಗದಲ್ಲಿ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಯತದ ಒಂದು ಬದಿಗೆ ಸೀದಾ ಭಾಗ ಸೀದಾ ಭಾಗಕ್ಕೆ ಮುಖ ಮಾಡಿ ಇಡಿ. ಗೆರೆಯ ಮೇಲೆ ಹೊಲಿಯಿರಿ. ಹೊಲಿಗೆಯಾಚೆ ಕಾಲು ಇಂಚು ಬಿಟ್ಟು ಮೂಲೆ ಕತ್ತರಿಸಿ. ಚೌಕವನ್ನು ಹೊರಗೆ ಮಡಚಿ ಇಸ್ತ್ರಿ ಮಾಡಿ. ಒಂದು ರೆಕ್ಕೆ ಮುಗಿಯಿತು. ಇನ್ನೊಂದು ಬದಿಗೂ ಹಾಗೇ.

ಈಗ ಲೆಕ್ಕ ನೋಡಿ. 2½ ಇಂಚಿನ ಚೌಕ ಎರಡು ಅಂದರೆ 5 ಇಂಚು. ಕೆಳಗಿನ ಆಯತ 4½ ಇಂಚು. ಅರ್ಧ ಇಂಚು ಜಾಸ್ತಿ ಆಯಿತು ಅಲ್ವಾ? ಆ ಅರ್ಧ ಇಂಚು ನಡುವೆ ಒಂದರ ಮೇಲೊಂದು ಬೀಳುತ್ತದೆ. ಎರಡು ಗೆರೆಗಳು ದಾಟುವುದು ಅಂಚಿನಲ್ಲಲ್ಲ, ಅಂಚಿಗಿಂತ ಕಾಲು ಇಂಚು ಕೆಳಗೆ. ಅದೇ ನಮ್ಮ ಕೊಕ್ಕು. ಅದರ ಮೇಲಿನದೇ ನಮ್ಮ ಕಾಲು ಇಂಚು. ಯಾರೂ ಅದನ್ನು ಬೇರೆಯಾಗಿ ಅಳೆದು ಇಡಲಿಲ್ಲ. ಚೌಕದ ಅಳತೆಯೇ ಅದನ್ನು ತಂದು ಇಟ್ಟಿತು. ಮೊದಲ ಸಲ ಇದು ಹೊಳೆದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಅಷ್ಟು ದಿನ ಪುಸ್ತಕದಲ್ಲಿದ್ದ ಅಳತೆಯನ್ನು ಸುಮ್ನೆ ಪಾಲಿಸುತ್ತಿದ್ದೆ.

ಇಲ್ಲಿ ಒಂದು ಸಣ್ಣ ಗುಟ್ಟಿದೆ. ಗೆರೆಯ ಮೇಲೇ ಕರಾರುವಾಕ್ಕಾಗಿ ಹೊಲಿದರೆ ಮಡಚಿದ ರೆಕ್ಕೆ ಆಯತದ ಮೂಲೆ ತನಕ ಬರುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಬಟ್ಟೆ ಮಡಚುವಾಗ ಆ ಮಡಿಕೆಯೇ ಸ್ವಲ್ಪ ಬಟ್ಟೆ ತಿನ್ನುತ್ತದೆ. ಅದಕ್ಕೆ ಗೆರೆಯ ಮೇಲೆ ಬೇಡ. ಗೆರೆಗೆ ತಾಗಿಕೊಂಡು, ಕತ್ತರಿಸಿ ಹೋಗುವ ಮೂಲೆಯ ಕಡೆಗೆ ಒಂದು ನೂಲೆಳೆಯಷ್ಟು ಸರಿದು ಹೊಲಿಯಿರಿ. ಕತ್ತರಿಸುವ ಮುಂಚೆ ಒಮ್ಮೆ ಮಡಚಿ ನೋಡಿ. ರೆಕ್ಕೆಯ ಮೂಲೆ ಕೆಳಗಿನ ಆಯತದ ಮೂಲೆಯ ಮೇಲೆ ಕೂತರೆ ಮಾತ್ರ ಕತ್ತರಿ ಹಾಕಿ. ಕೂರದಿದ್ದರೆ ಬಿಚ್ಚಿ. ಒಂದು ಹೊಲಿಗೆ ಬಿಚ್ಚುವುದಕ್ಕೆ ಒಂದು ನಿಮಿಷ. ಬಾರ್ಡರ್ ಪೂರ್ತಿ ಬಿಚ್ಚುವುದಕ್ಕೆ ಒಂದು ದಿನ.

ಈ ವಿಧಾನದಲ್ಲಿ ಬಟ್ಟೆ ಹಾಳಾಗುತ್ತದೆ, ನಿಜ. ಪ್ರತಿ ಮೂಲೆಯಲ್ಲೂ ಎರಡು ಪುಟ್ಟ ತ್ರಿಕೋನ ಕತ್ತರಿಸಿ ಹೋಗುತ್ತವೆ. ಹೆಬ್ಬಾತು ದೊಡ್ಡದಿದ್ದರೆ ಮೊದಲ ಹೊಲಿಗೆಯಿಂದ ಅರ್ಧ ಇಂಚು ದೂರದಲ್ಲಿ, ಮೂಲೆಯ ಕಡೆಗೆ, ಇನ್ನೊಂದು ಹೊಲಿಗೆ ಹಾಕಿ. ಎರಡರ ನಡುವೆ ಕತ್ತರಿಸಿ. ಕತ್ತರಿಸಿ ಬಿದ್ದದ್ದು ಬಿಡಿಸಿದರೆ ಎರಡು ಬಣ್ಣದ ಪುಟ್ಟ ಚೌಕ ತಾನಾಗಿ ಸಿದ್ಧವಾಗಿರುತ್ತದೆ. ನನ್ನ ಹತ್ತಿರ ಅಂಥವು ಒಂದು ಡಬ್ಬಿ ತುಂಬಾ ಇವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ. ಒಂದೇ ಸಲಕ್ಕೆ ನಾಲ್ಕು ಹೆಬ್ಬಾತು, ಬಟ್ಟೆ ಹಾಳಾಗುವುದೇ ಇಲ್ಲ ಅನ್ನಬಹುದು. ಹೆಬ್ಬಾತಿಗೆ 5¼ ಇಂಚಿನ ಚೌಕ ಒಂದು. ಆಕಾಶಕ್ಕೆ 2⅞ ಇಂಚಿನ ಚೌಕ ನಾಲ್ಕು. ಅಳತೆ ಕೇಳಿದ ಹಾಗಿದೆ ಅಲ್ವಾ? ಹಳೆಯ ತ್ರಿಕೋನ ವಿಧಾನದ ಅಳತೆಯೇ. ಕತ್ತರಿಸುವುದು ಮೊದಲು, ಹೊಲಿಯುವುದು ಆಮೇಲೆ ಅಂತಿದ್ದದ್ದನ್ನು ಇಲ್ಲಿ ತಿರುಗಿಸಿದ್ದಾರೆ. ಮೊದಲು ಹೊಲಿಗೆ, ಆಮೇಲೆ ಕತ್ತರಿ. ಹಾಗಾಗಿ ಓರೆ ಅಂಚು ಬಿಡುವಾಗಿ ಕೈಗೆ ಸಿಗುವುದೇ ಇಲ್ಲ.

ನಿಧಾನವಾಗಿ ತೋರಿಸುತ್ತೇನೆ. ದೊಡ್ಡ ಚೌಕ ಸೀದಾ ಭಾಗ ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಎರಡು ಸಣ್ಣ ಚೌಕಗಳನ್ನು ಎದುರುಬದುರು ಮೂಲೆಗಳಲ್ಲಿ, ಸೀದಾ ಭಾಗ ಕೆಳಗೆ ಮಾಡಿ ಇಟ್ಟೆ. ನಡುವೆ ಅವೆರಡರ ಮೂಲೆ ಒಂದರ ಮೇಲೊಂದು ಬಿದ್ದಿವೆ ನೋಡಿ. 2⅞ ಎರಡು ಸಲ ಅಂದರೆ 5¾. ದೊಡ್ಡ ಚೌಕ 5¼. ಅದೇ ಅರ್ಧ ಇಂಚು ಮತ್ತೆ ಬಂತು. ಈಗ ಎರಡೂ ಸಣ್ಣ ಚೌಕಗಳ ಮೇಲೆ ಹಾದು ಹೋಗುವ ಹಾಗೆ ಒಂದೇ ಉದ್ದ ಕರ್ಣ ಎಳೆದೆ. ಗೆರೆಯ ಈ ಪಕ್ಕ ಕಾಲು ಇಂಚು ದೂರದಲ್ಲಿ ಒಂದು ಹೊಲಿಗೆ, ಆ ಪಕ್ಕ ಕಾಲು ಇಂಚು ದೂರದಲ್ಲಿ ಇನ್ನೊಂದು. ಗೆರೆಯ ಮೇಲೆ ಕತ್ತರಿಸಿದೆ. ಎರಡು ಭಾಗ ಆಯಿತು. ರೆಕ್ಕೆಗಳನ್ನು ಬಿಡಿಸಿ ಇಸ್ತ್ರಿ ಮಾಡಿದರೆ ಹೀಗೆ, ಎರಡು ಕಿವಿ ನೆಟ್ಟಗೆ ನಿಂತ ಮೊಲದ ಮುಖದ ಥರ ಕಾಣುತ್ತದೆ.

ಇಲ್ಲೇ ಎಲ್ಲರೂ ಗಾಬರಿಯಾಗುವುದು. ಇದು ಎಲ್ಲಿಂದ ಹೆಬ್ಬಾತು ಆಗುತ್ತೆ ಅಂತ. ಸ್ವಲ್ಪ ತಾಳಿ. ಉಳಿದ ಎರಡು ಸಣ್ಣ ಚೌಕಗಳಲ್ಲಿ ಒಂದನ್ನು ತೆಗೆದುಕೊಂಡು ಮೊಲದ ಗಲ್ಲದ ಮೂಲೆಗೆ ಸೀದಾ ಭಾಗ ಕೆಳಗೆ ಮಾಡಿ ಇಡುತ್ತೇನೆ. ಗೆರೆ ಗಲ್ಲದ ಮೂಲೆಯಿಂದ ಹೊರಟು ಎರಡು ಕಿವಿಗಳ ನಡುವೆ ಹೋಗಬೇಕು. ಮತ್ತೆ ಎರಡೂ ಪಕ್ಕ ಕಾಲು ಇಂಚಿನ ಹೊಲಿಗೆ. ಮತ್ತೆ ಗೆರೆಯ ಮೇಲೆ ಕತ್ತರಿ. ಬಿಡಿಸುತ್ತೇನೆ, ನೋಡಿ. ಇಗೋ ಒಂದು. ಇಗೋ ಇನ್ನೊಂದು. ಇನ್ನೊಂದು ಭಾಗದಿಂದಲೂ ಎರಡು ಬರುತ್ತವೆ. ಮೂಲೆಗಳಲ್ಲಿ ಚಾಚಿಕೊಂಡ ಪುಟ್ಟ ತುದಿಗಳನ್ನು ಕತ್ತರಿಸಿದರೆ ಕೆಲಸ ಮುಗಿಯಿತು.

ಬಟ್ಟೆ ಎಷ್ಟು ಉಳಿಯುತ್ತದೆ ಅಂತ ನಾನೇ ಲೆಕ್ಕ ಹಾಕಿದ್ದೇನೆ. ನಾಲ್ಕು ಹೆಬ್ಬಾತಿಗೆ ಹೊಲಿದು ಮಡಚುವ ವಿಧಾನದಲ್ಲಿ ನಾಲ್ಕು ಆಯತ, ಎಂಟು ಚೌಕ, ಒಟ್ಟು 95 ಚದರ ಇಂಚು ಬಟ್ಟೆ ಬೇಕು. ಈ ವಿಧಾನದಲ್ಲಿ ಸುಮಾರು 60.6 ಚದರ ಇಂಚು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿತಾಯ. ನೂರು ಹೆಬ್ಬಾತಿನ ಕ್ವಿಲ್ಟ್ ಅಂದರೆ 850 ಚದರ ಇಂಚಿನಷ್ಟು ಬಟ್ಟೆ ಉಳಿಯುತ್ತದೆ.

ಇನ್ನೊಂದು ಚೆಂದ ಇದೆ. ಸಾಟೂತ್ ಸ್ಟಾರ್ ಎಂಬ ನಕ್ಷತ್ರದ ಬ್ಲಾಕಿಗೆ ಬೇಕಾಗುವುದು ಸರಿಯಾಗಿ ನಾಲ್ಕು ಹೆಬ್ಬಾತು. ನಡುವೆ 4½ ಇಂಚಿನ ಚೌಕ, ನಾಲ್ಕು ಬದಿಗೆ ನಾಲ್ಕು ಹೆಬ್ಬಾತು, ನಾಲ್ಕು ಮೂಲೆಗೆ 2½ ಇಂಚಿನ ಚೌಕ. ಹೊಲಿದರೆ 8 ಇಂಚಿನ ನಕ್ಷತ್ರ. ಅಂದರೆ ಒಂದು ಸೆಟ್ಟು ಹೊಲಿದರೆ ಒಂದು ನಕ್ಷತ್ರಕ್ಕೆ ಸಾಕು. ಆದರೆ ಬಣ್ಣ ಅದಲು ಬದಲು ಮಾಡುವುದನ್ನು ಮರೆಯಬೇಡಿ. ನಕ್ಷತ್ರದ ಚೂಪು ತುದಿಗಳಾಗುವುದು ರೆಕ್ಕೆಗಳು. ನಕ್ಷತ್ರದ ಬಟ್ಟೆಯನ್ನು ಸಣ್ಣ ಚೌಕಗಳಿಗೆ, ಹಿನ್ನೆಲೆ ಬಟ್ಟೆಯನ್ನು ದೊಡ್ಡ ಚೌಕಕ್ಕೆ ಇಟ್ಟುಕೊಳ್ಳಬೇಕು. ಡಚ್‌ಮನ್ಸ್ ಪಜಲ್ ಎಂಬ ಬ್ಲಾಕಿಗೆ ಎಂಟು ಹೆಬ್ಬಾತು ಬೇಕು. ಎರಡೆರಡು ಸೇರಿ ಒಂದು ಚೌಕ, ಅಂಥ ನಾಲ್ಕು ಚೌಕ ಗಿರಗಿಟ್ಟಲೆ ಥರ ಸುತ್ತುತ್ತವೆ. ಎರಡು ಸೆಟ್ಟಿಗೆ ಒಂದು ಬ್ಲಾಕ್.

ಈ ವಿಧಾನ ಎಲ್ಲಿ ಬೇಡ ಅಂತಲೂ ಹೇಳಬೇಕು. ದೊಡ್ಡ ಚೌಕಕ್ಕೆ ಪಟ್ಟೆ ಬಟ್ಟೆ ಹಾಕಬೇಡಿ. ನಾಲ್ಕು ಹೆಬ್ಬಾತುಗಳು ಚೌಕದ ನಾಲ್ಕು ಬದಿಯಿಂದ ಬರುತ್ತವೆ. ಹಾಗಾಗಿ ಎರಡರಲ್ಲಿ ಪಟ್ಟೆ ಅಡ್ಡಕ್ಕೆ, ಎರಡರಲ್ಲಿ ಉದ್ದಕ್ಕೆ ಬರುತ್ತದೆ. ಒಂದೇ ದಿಕ್ಕಿನ ಹೂವಿನ ಪ್ರಿಂಟ್ ಇದ್ದರೆ ನಾಲ್ಕರಲ್ಲೂ ಹೂವು ನಾಲ್ಕು ದಿಕ್ಕಿಗೆ ಮುಖ ಮಾಡುತ್ತದೆ. ಒಂದು ಕ್ವಿಲ್ಟಿನಲ್ಲಿ ಹಾಗೆ ಮಾಡಿ, ಸಾಲು ಜೋಡಿಸಿದ ಮೇಲೆ ನೋಡಿ ನನಗೆ ತುಂಬಾ ಬೇಜಾರಾಯಿತು. ಅಂಥ ಬಟ್ಟೆಗೆ ಹೊಲಿದು ಮಡಚುವ ವಿಧಾನವೇ ಸರಿ, ಆಯತವನ್ನು ನಮಗೆ ಬೇಕಾದ ದಿಕ್ಕಿಗೆ ಕತ್ತರಿಸಿಕೊಳ್ಳಬಹುದು. ಎರಡು ರೆಕ್ಕೆಗೆ ಎರಡು ಬೇರೆ ಬಟ್ಟೆ ಬೇಕು ಅಂದರೂ ಅದೇ ಸುಲಭ.

ನಾಲ್ಕನೆಯದು ಕಾಗದದ ಮೇಲೆ ಹೊಲಿಯುವುದು. ಫೌಂಡೇಶನ್ ಪೇಪರ್ ಪೀಸಿಂಗ್ ಅಂತಾರೆ. ವಿನ್ಯಾಸವನ್ನು ತೆಳು ಕಾಗದದ ಮೇಲೆ ಮುದ್ರಿಸಿ, ಬಟ್ಟೆಯನ್ನು ಕಾಗದದ ಹಿಂದೆ ಇಟ್ಟು, ಮುಂಭಾಗದ ಗೆರೆಯ ಮೇಲೆ ಹೊಲಿಯುವುದು. ಮೊದಲು ಹೆಬ್ಬಾತು, ಆಮೇಲೆ ಒಂದು ರೆಕ್ಕೆ, ಆಮೇಲೆ ಇನ್ನೊಂದು. ಹೊಲಿಗೆಯ ಉದ್ದ 1.5 ಮಿಲಿಮೀಟರಿಗೆ ಇಳಿಸಬೇಕು. ಹೊಲಿಗೆ ಹತ್ತಿರ ಹತ್ತಿರ ಬಿದ್ದಷ್ಟೂ ಕಾಗದದಲ್ಲಿ ತೂತುಗಳು ಹತ್ತಿರ ಬೀಳುತ್ತವೆ, ಕೊನೆಗೆ ಹರಿಯುವುದು ಸುಲಭ. ವಿನ್ಯಾಸ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ ಎಂಬುದೂ ನೆನಪಿರಲಿ. ಒಂದು ಇಂಚಿಗಿಂತ ಸಣ್ಣ ಹೆಬ್ಬಾತುಗಳಿಗೆ, ಇಲ್ಲವೇ ಬಳುಕುತ್ತಾ ವೃತ್ತಾಕಾರದಲ್ಲಿ ಹಾರುವ ಹೆಬ್ಬಾತುಗಳಿಗೆ ನಾನು ಬೇರೆ ಯಾವ ವಿಧಾನವನ್ನೂ ಯೋಚಿಸುವುದಿಲ್ಲ. ವೃತ್ತದಲ್ಲಿ ಹೊರಗಿನ ರೆಕ್ಕೆ ಅಗಲ, ಒಳಗಿನದು ಕಿರಿದು. ಅದನ್ನು ಚೌಕಗಳಿಂದ ಮಾಡಲಿಕ್ಕಾಗದು. ನೇರ ಸಾಲಿಗೆ ಮಾತ್ರ ಇಷ್ಟು ಕಾಗದ ಹರಿಯುವ ಕೆಲಸ ಯಾಕೆ ಅನ್ನಿಸುತ್ತದೆ.

ಐದನೆಯದು ಮಡಿಕೆಯ ಹೆಬ್ಬಾತು. ಇದು ಒಂದೇ ಹೊಲಿಗೆ. 4½ × 2½ ಆಯತವನ್ನು ಸೀದಾ ಭಾಗ ಹೊರಗೆ ಬರುವ ಹಾಗೆ ಅಡ್ಡಕ್ಕೆ ಅರ್ಧ ಮಡಚಿ. ಎರಡು 2½ ಇಂಚಿನ ಆಕಾಶ ಚೌಕಗಳ ಸೀದಾ ಭಾಗಗಳ ನಡುವೆ ಇಡಿ. ಬಿಡಿ ಅಂಚುಗಳು ಚೌಕದ ಕೆಳ ಅಂಚಿಗೆ ಸೇರಲಿ. ಮಡಿಕೆ ಮೇಲೆ ಇರಲಿ. ಒಂದು ಪಕ್ಕ ಪೂರ್ತಿ ಕಾಲು ಇಂಚಿನ ಹೊಲಿಗೆ ಹಾಕಿ ಬಿಡಿಸಿ. ಒಳಗಿನ ಬಟ್ಟೆ ರೆಕ್ಕೆ ಬಿಚ್ಚಿದ ಹಾಗೆ ತೆರೆದುಕೊಂಡು ತ್ರಿಕೋನ ಆಗುತ್ತದೆ. ಮಡಚಿದ ಆಯತ 2¼ ಇಂಚು, ಚೌಕ 2½ ಇಂಚು. ವ್ಯತ್ಯಾಸ ಎಷ್ಟು ಹೇಳಿ? ಅದೇ ಕಾಲು ಇಂಚು, ಕೊಕ್ಕಿನ ಮೇಲೆ. ಈ ಹೆಬ್ಬಾತಿನ ಅಂಚುಗಳು ಬಿಡುವಾಗಿರುತ್ತವೆ, ಬೆರಳು ಒಳಗೆ ಹಾಕಬಹುದು. ಮಕ್ಕಳಿಗೆ ಅದೇ ಇಷ್ಟ.

ವಿಧಾನ ಯಾವುದೇ ಆಗಲಿ, ಕಾಲು ಇಂಚಿನ ಹೊಲಿಗೆ ನಿಜವಾಗಿ ಕಾಲು ಇಂಚು ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿ. 1½ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ ಹೊಲಿಯಿರಿ. ಇಸ್ತ್ರಿ ಮಾಡಿ ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಇದ್ದರೆ ಹೊಲಿಗೆ ಒಳಕ್ಕೆ ಹೋಗುತ್ತಿದೆ ಅಂತ ಅರ್ಥ. ನೂಲಿನ ದಪ್ಪ, ಮಡಿಕೆಯ ದಪ್ಪ ಸೇರಿಸಿದರೆ ಕಾಲು ಇಂಚಿಗಿಂತ ಒಂದು ಎಳೆ ಕಡಿಮೆ ಹೊಲಿದರೇ ಸರಿಹೋಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನನ್ನ ಮೊದಲ ಹೆಬ್ಬಾತು ಬಾರ್ಡರ್. 24 ಹೆಬ್ಬಾತು, ತಲಾ 2 ಇಂಚು, ಒಟ್ಟು 48 ಇಂಚು ಬರಬೇಕಿತ್ತು. ಒಂದೊಂದನ್ನೂ ಕಣ್ಣಿಗೆ ಹಿಡಿದು ನೋಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತಿತ್ತು. ಜೋಡಿಸಿ ಅಳೆದರೆ 46½ ಇಂಚು. ಪ್ರತಿಯೊಂದೂ ಒಂದು ಇಂಚಿನ ಹದಿನಾರನೇ ಒಂದು ಪಾಲಿನಷ್ಟು ಗಿಡ್ಡ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಒಂದೂವರೆ ಇಂಚಿನ ಹಳ್ಳ. ಎಳೆದು ಜಗ್ಗಿ ಸೇರಿಸಲು ನೋಡಿದೆ, ಕ್ವಿಲ್ಟ್ ಸುಕ್ಕು ಬಿತ್ತು. 23 ಹೊಲಿಗೆ ಬಿಚ್ಚಿದೆ. ಆವತ್ತಿನಿಂದ ಮೂರು ಪಟ್ಟಿಯ ಪರೀಕ್ಷೆ ಮಾಡದೆ ಯಾವ ಕ್ವಿಲ್ಟೂ ಶುರು ಮಾಡಿಲ್ಲ.

ಇನ್ನೂ ಭರವಸೆ ಸಾಲದಿದ್ದರೆ ಸ್ವಲ್ಪ ದೊಡ್ಡದಾಗಿ ಹೊಲಿದು ಅಂಚು ಕತ್ತರಿಸಿ ಸರಿಮಾಡಿ. ಒಂದೇ ಸಲಕ್ಕೆ ನಾಲ್ಕು ಬರುವ ವಿಧಾನದಲ್ಲಿ 5¼ ಬದಲು 5½, 2⅞ ಬದಲು 3 ತೆಗೆದುಕೊಳ್ಳಿ. ಸಂಖ್ಯೆಯೂ ಸುಲಭ. ಕತ್ತರಿಸುವಾಗ ಮೊದಲು ನೋಡಬೇಕಾದ್ದು ಕೊಕ್ಕು. ಸ್ಕೇಲಿನ 45 ಡಿಗ್ರಿ ಗೆರೆಯನ್ನು ಹೆಬ್ಬಾತಿನ ಓರೆ ಹೊಲಿಗೆಯ ಮೇಲೆ ಕೂರಿಸಿ. ಕೊಕ್ಕಿನ ಮೇಲೆ ಕಾಲು ಇಂಚು, ಕೊಕ್ಕಿನಿಂದ ಪಕ್ಕಕ್ಕೆ 2¼ ಇಂಚು ಇಟ್ಟುಕೊಂಡು ಮೇಲಿನ ಅಂಚು, ಬಲ ಅಂಚು ಕತ್ತರಿಸಿ. ತುಂಡನ್ನು ತಿರುಗಿಸಿ 4½ × 2½ಗೆ ಉಳಿದ ಎರಡು ಅಂಚು ಕತ್ತರಿಸಿ. ಇದಕ್ಕೆಂದೇ ಮಾಡಿದ ಸ್ಕೇಲುಗಳೂ ಇವೆ, ಜಾಸ್ತಿ ಹೆಬ್ಬಾತು ಮಾಡುವವರಿಗೆ ಅನುಕೂಲ. ರೋಟರಿ ಕಟರ್, ಅಂದರೆ ಉರುಳುವ ದುಂಡು ಅಲಗಿನ ಕಟರ್, ಇಲ್ಲದೆ ಇದೆಲ್ಲ ಆಗುತ್ತಿರಲಿಲ್ಲ. ಓಲ್ಫಾ ಕಂಪನಿ ಅದನ್ನು 1979ರಲ್ಲಿ ತಂದಿತು. ಅದಕ್ಕೂ ಮುಂಚೆ ಪ್ರತಿ ತ್ರಿಕೋನವನ್ನೂ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು ಕತ್ತರಿಯಲ್ಲೇ ಕತ್ತರಿಸುತ್ತಿದ್ದರು. ಹಳೆಯ ಕ್ವಿಲ್ಟಿನಲ್ಲಿ ಚೂಪಾದ ಕೊಕ್ಕು ಕಂಡಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಡುತ್ತೇನೆ.

ಜೋಡಿಸುವಾಗ ಒಂದು ಮಾತು. ತುಂಡಿನ ಹಿಂಭಾಗ ತಿರುಗಿಸಿ ನೋಡಿ. ಕೊಕ್ಕಿನ ಜಾಗದಲ್ಲಿ ಎರಡು ಹೊಲಿಗೆ ದಾಟಿ ಗುಣಿಸು ಚಿಹ್ನೆ ಆಗಿದೆ. ಎರಡು ತುಂಡು ಜೋಡಿಸುವಾಗ ಈ ಚಿಹ್ನೆ ಇರುವ ತುಂಡು ಮೇಲೆ, ನಿಮ್ಮ ಕಣ್ಣಿಗೆ ಕಾಣುವ ಹಾಗೆ ಇರಲಿ. ಹೊಲಿಗೆ ಆ ಚಿಹ್ನೆಯ ನಟ್ಟನಡುವೆ ಅಲ್ಲ, ಒಂದೇ ಒಂದು ಎಳೆ ಅಂಚಿನ ಕಡೆಗೆ ಹಾದುಹೋಗಲಿ. ಕೊಕ್ಕು ಹರಿತವಾಗಿ ಉಳಿಯುತ್ತದೆ. ನಡುವಿಗಿಂತ ಒಳಗೆ ಹೋದರೆ ಕೊಕ್ಕು ತುಂಡಾಯಿತು ಅಂತಲೇ.

ಆಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಇಸ್ತ್ರಿ ಯಾವ ಕಡೆಗೆ ಅಂತ ಒಬ್ಬರು ಕೇಳಿದರು. ಒಂದೊಂದೇ ಹೆಬ್ಬಾತು ಮಾಡುವಾಗ ರೆಕ್ಕೆಯ ಕಡೆಗೆ. ಸಾಲು ಜೋಡಿಸುವಾಗ ಕೊಕ್ಕಿನಿಂದ ದೂರಕ್ಕೆ, ಮುಂದಿನ ಹೆಬ್ಬಾತಿನ ಬುಡದ ಕಡೆಗೆ. ಕೊಕ್ಕಿನ ಹತ್ತಿರ ಬಟ್ಟೆಯ ಪದರ ಮೊದಲೇ ಜಾಸ್ತಿ, ಅದನ್ನು ಮತ್ತೆ ಮಡಚಿದರೆ ಗಂಟು ಕಟ್ಟಿದ ಹಾಗಾಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬೇಡಿ. ಎತ್ತಿ ಇಡಿ, ಎತ್ತಿ ತೆಗೆಯಿರಿ. ಉಜ್ಜಿದರೆ ಆಯತ ಬಾಳೆಹಣ್ಣಿನ ಥರ ಬಾಗುತ್ತದೆ.

ಮೊದಲ ಸಲ ಹೊಲಿಯುವವರು ಯಾವುದರಿಂದ ಶುರು ಮಾಡಬೇಕು ಅಂತ ಇನ್ನೊಬ್ಬರು ಕೇಳಿದರು. ಹೊಲಿದು ಮಡಚುವ ವಿಧಾನದಲ್ಲಿ ನಾಲ್ಕು ಮಾಡಿ. ಕಣ್ಣಿಗೆ ಎಲ್ಲಾ ಕಾಣುತ್ತದೆ, ತಪ್ಪಾದರೆ ಎಲ್ಲಿ ಅಂತ ಗೊತ್ತಾಗುತ್ತದೆ. ಐದನೆಯ ಹೆಬ್ಬಾತಿನಿಂದ ಒಂದೇ ಸಲಕ್ಕೆ ನಾಲ್ಕು ಬರುವ ವಿಧಾನಕ್ಕೆ ಬನ್ನಿ. ಮೊದಲ ನಾಲ್ಕನ್ನು ಎಸೆಯಬೇಡಿ, ಅವು ಒಂದು ನಕ್ಷತ್ರಕ್ಕೆ ಸಾಕು.

ಬಾಗಿಲ ಪಕ್ಕದ ಮೇಜಿನ ಮೇಲೆ ಕತ್ತರಿಸಿದ ಸೆಟ್ಟುಗಳನ್ನು ಇಟ್ಟಿದ್ದೇನೆ. ಒಂದೊಂದರಲ್ಲೂ 5¼ ಇಂಚಿನ ಚೌಕ ಒಂದು, 2⅞ ಇಂಚಿನವು ನಾಲ್ಕು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದೇನೆ. ಗೆರೆ ಎಳೆದಿಲ್ಲ, ಅದನ್ನು ನೀವೇ ಎಳೆಯಿರಿ. ಹೊಲಿಗೆ ಯಂತ್ರಗಳು ಆ ಕಡೆ ಗೋಡೆಯ ಹತ್ತಿರ ಇವೆ. ಮೂರು ಪಟ್ಟಿಯ ಪರೀಕ್ಷೆಗೆ ಪಟ್ಟಿಗಳೂ ಅಲ್ಲೇ ಇವೆ. ಮೊದಲು ಅದು. ಮೊಲದ ಕಿವಿ ಕಂಡಾಗ ಕೈ ಎತ್ತಿ, ನಾನು ಅಲ್ಲಿಗೇ ಬರುತ್ತೇನೆ.